ಎಂತ ಹೇಳಿದ್ದು?

ನನ್ನ ಕಿವಿ ಮಂದವಾಗಿದೆ ಅಂತ ನನಗೆ ಗೊತ್ತಾದದ್ದು ಟಿವಿಯಿಂದ ಅಲ್ಲ, ಫೋನಿನಿಂದಲೂ ಅಲ್ಲ. ನಮ್ಮವರ "ಎಂತ ಇಲ್ಲ" ಅನ್ನುವ ಒಂದು ಮಾತಿನಿಂದ.

ನಮ್ಮವರದ್ದು ಸಣ್ಣ ಸ್ವರ. ತಮಾಷೆಯನ್ನಂತೂ ಇನ್ನೂ ಮೆಲ್ಲಗೆ ಹೇಳುವುದು. ಎಲ್ಲೋ ನೋಡುತ್ತಾ, ಅಡಕೆ ಸುಲಿಯುತ್ತಲೋ ಎಲೆಗೆ ಸುಣ್ಣ ಹಚ್ಚುತ್ತಲೋ, ಪಕ್ಕದಲ್ಲಿ ಇದ್ದವರಿಗೆ ಮಾತ್ರ ಕೇಳುವ ಹಾಗೆ ಒಂದು ಮಾತು ಹೇಳಿ ಸುಮ್ಮನಾಗುತ್ತಾರೆ. ಮದುವೆಯಾದಂದಿನಿಂದ ಆ ಪಕ್ಕದಲ್ಲಿ ಇದ್ದವಳು ನಾನು. ಅತ್ತೆ ಮಾವ ಇದ್ದ ದೊಡ್ಡ ಮನೆ, ಬೆಳಗ್ಗೆ ಶಾಲೆಗೆ ಓಟ, ಸಂಜೆ ಬಂದರೆ ತೋಟದ ಆಳುಗಳಿಗೆ ಚಾ. ಅದರ ನಡುವೆ ಈ ಸಣ್ಣ ಸ್ವರದ ಮಾತುಗಳೇ ನನಗೆ ದೊಡ್ಡ ಆಧಾರ. ಪೂಜೆಯ ಹೊತ್ತಿಗೆ ಅವರು ಏನಾದರೂ ಹೇಳಿ, ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದ್ದು ಎಷ್ಟು ಸಲವೋ.

ಸುಮಾರು 2020ರ ಮೇಲೆ ಅದು ತಪ್ಪುತ್ತಾ ಬಂತು. ಅವರು ಏನೋ ಹೇಳುತ್ತಿದ್ದರು. ನಾನು, "ಎಂತ ಹೇಳಿದ್ದು?"

"ಎಂತ ಇಲ್ಲ."

ಮೊದಮೊದಲು ಇನ್ನೊಮ್ಮೆ ಹೇಳುತ್ತಿದ್ದರು. ಆದರೆ ಕೆಲಸದ ಮಾತನ್ನು ಎರಡು ಸಲ ಹೇಳಬಹುದು, "ಗ್ಯಾಸ್ ಬಂತು" ಅಂತ ಮೂರು ಸಲ ಕೂಗಿದರೂ ಅದು ಗ್ಯಾಸೇ. ಮೆಲ್ಲಗೆ ಹೇಳಿದ ತಮಾಷೆಯನ್ನು ಜೋರಾಗಿ ಇನ್ನೊಮ್ಮೆ ಹೇಳಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಅವರು ಹೇಳುವುದನ್ನು ಕಡಿಮೆ ಮಾಡಿದರು, ನಾನು ಕೇಳುವುದನ್ನು ಕಡಿಮೆ ಮಾಡಿದೆ. ಜಗಳವಿಲ್ಲ, ಬೇಜಾರಿಲ್ಲ. ಮನೆಯಲ್ಲಿ ಬರೀ ಕೆಲಸದ ಮಾತು ಉಳಿಯಿತು. ಮಾತ್ರೆ ತಗೊಂಡೆಯಾ, ಪಂಪು ಬಂದ್ ಮಾಡಿದ್ರಾ, ಇಷ್ಟೇ. ಮಕ್ಕಳು ದೂರ ಇರುವ ಮನೆಯಲ್ಲಿ ಇಬ್ಬರೇ ಇರುವಾಗ ಇದು ಎಷ್ಟು ದೊಡ್ಡ ನಷ್ಟ ಅಂತ ಆಗ ನನಗೆ ಸರಿಯಾಗಿ ಅರ್ಥವಾಗಿರಲಿಲ್ಲ.

ನಮ್ಮ ಕಾಸರಗೋಡಿನಲ್ಲಿ ಕಿವಿ ಮಂದವಾದರೆ ಇನ್ನೊಂದು ಕಷ್ಟ ಉಂಟು. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ಕೊಂಕಣಿ ಅಥವಾ ಬ್ಯಾರಿ, ಕೆಲವು ಮನೆಗಳಲ್ಲಿ ಮರಾಠಿ. ಕಿವಿ ಚೆನ್ನಾಗಿದ್ದಾಗ ಇದು ಲೆಕ್ಕಕ್ಕೇ ಬರುವುದಿಲ್ಲ, ನಾವು ಒಂದರಿಂದ ಇನ್ನೊಂದಕ್ಕೆ ಹಾರುತ್ತಲೇ ಬೆಳೆದವರು. ನಾನು ಹುಟ್ಟಿದ್ದು 1959ರಲ್ಲಿ, ಊರು ಕೇರಳಕ್ಕೆ ಸೇರಿ ಮೂರು ವರ್ಷವಾದ ಮೇಲೆ. ಕನ್ನಡ ಮಾಧ್ಯಮದಲ್ಲಿ ಕಲಿತೆ, ಕನ್ನಡ ಮಾಧ್ಯಮದ ಶಾಲೆಯಲ್ಲೇ ಕಲಿಸಿದೆ, ಸ್ಟಾಫ್ ರೂಮಿನಲ್ಲಿ ಮಲಯಾಳ ಮಾತಾಡಿದೆ. ಆದರೆ ಕಿವಿ ಕೈಕೊಟ್ಟಾಗ, ಅರ್ಧ ಕೇಳಿದ ಮಾತನ್ನು ಊಹೆ ಮಾಡಿ ತುಂಬಿಸಿಕೊಳ್ಳಬೇಕಲ್ವಾ, ಆಗ ಶಬ್ದ ಯಾವುದು ಅಂತ ಊಹಿಸುವ ಮೊದಲು ಭಾಷೆ ಯಾವುದು ಅಂತ ಊಹಿಸಬೇಕು! ಒಂದು ದಿನ ಬದಿಯಡ್ಕದಿಂದ ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಸ್ಟಾಪಿನಲ್ಲಿ ನನ್ನ ಮುಖ ನೋಡಿ ಏನೋ ಹೇಳಿದ. ಅವನು ಹೇಳಿದ್ದು ಮಲಯಾಳದ "ಇರಂಙ್", ಅಂದರೆ ಇಳಿಯಿರಿ ಅಂತ. ನನಗೆ ಕೇಳಿದ್ದು ಬರೀ "ಇರಿ". ಸರಿ, ಇರಲು ಹೇಳುತ್ತಿದ್ದಾನೆ ಅಂತ ಕೂತೇ ಇದ್ದೆ. ಮುಂದಿನ ಸ್ಟಾಪಿನಲ್ಲಿ ಪಕ್ಕದ ಹೆಂಗಸಿಗೆ ವಿಷಯ ಹೇಳಿದೆ, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ನಗೆ ಮುಗಿದ ಮೇಲೆ ನನಗೆ ಅನ್ನಿಸಿತು, ಇಷ್ಟು ನಗದೆ ಎಷ್ಟು ತಿಂಗಳಾಯಿತು?

ಆದರೂ ಡಾಕ್ಟರ ಹತ್ತಿರ ಹೋಗಲಿಲ್ಲ. ಹೋಗುವ ಹಾಗೆ ಮಾಡಿದ್ದು ಒಂದು ತಾಳಮದ್ದಲೆ.

ನಮ್ಮ ಕಡೆ ತಾಳಮದ್ದಲೆ ಅಂದರೆ ಗೊತ್ತಲ್ಲ, ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಕೂತು ಮಾತಾಡುತ್ತಾರೆ. ಎಲ್ಲ ಇರುವುದು ಮಾತಿನಲ್ಲೇ. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ನಮ್ಮದು, ಇಲ್ಲಿಯವರಿಗೆ ಆ ಮಾತಿನ ರುಚಿ ಸಣ್ಣಂದಿನಿಂದ ಇರುತ್ತದೆ. 2024ರ ಡಿಸೆಂಬರಿನಲ್ಲಿ ಒಂದು ದೇವಸ್ಥಾನದಲ್ಲಿ ಸಂಧಾನಕ್ಕೆ ಬಂದ ಕೃಷ್ಣನಿಗೂ ಕೌರವನಿಗೂ ಮಾತಿಗೆ ಮಾತು ಬೆಳೆದಿತ್ತು. ಚೆಂಡೆ ಕೇಳುತ್ತಿತ್ತು. ಪದವೂ ಕೇಳುತ್ತಿತ್ತು. ಕೃಷ್ಣ ಸ್ವರ ತಗ್ಗಿಸಿ ಏನೋ ಹೇಳಿದ, ಇಡೀ ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆದರೆ ಎಲ್ಲರ ಮುಖ ನೋಡಿ, ಒಂದು ಕ್ಷಣ ತಡವಾಗಿ. ನಮ್ಮವರು ನನ್ನ ಕಡೆ ತಿರುಗಿದರು. ನಾನು ಕೇಳದೆ ನಕ್ಕದ್ದು ಅವರಿಗೆ ಗೊತ್ತಾಯಿತು. ಅವರು ಏನೂ ಹೇಳಲಿಲ್ಲ, ಆಮೇಲೆ ಇಡೀ ರಾತ್ರಿ ಅವರೂ ನಗಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ, "ಜನವರಿಯಲ್ಲಿ ಮಂಗಳೂರಿಗೆ ಹೋಗಿ ಬರುವ" ಅಂದರು. ಇದನ್ನು ಮಾತ್ರ ಜೋರಾಗಿ ಹೇಳಿದರು.

ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್. ಮಗ ರಜೆಯಲ್ಲಿ ಬಂದಿದ್ದ, ಕಾರಿನಲ್ಲಿ ಕರೆದುಕೊಂಡು ಹೋದ. ಮೊದಲು ಕಿವಿ-ಮೂಗು-ಗಂಟಲಿನ ಡಾಕ್ಟರು ದೀಪ ಹಿಡಿದು ಕಿವಿಯೊಳಗೆ ನೋಡಿ ಗುಗ್ಗೆ ತೆಗೆದರು. ಎಷ್ಟೋ ಜನರಿಗೆ ಇಷ್ಟಕ್ಕೇ ಸರಿಹೋಗುತ್ತದಂತೆ. ನನಗೆ ಆಗಲಿಲ್ಲ. ಆಮೇಲೆ ಆಡಿಯಾಲಜಿಸ್ಟ್ ಹತ್ತಿರ ಕಳಿಸಿದರು. ಇಪ್ಪತ್ತೈದರ ಹುಡುಗಿ, ಕೈಯಲ್ಲಿ ಮದುವೆಯ ಮದರಂಗಿ ಇನ್ನೂ ಮಾಸಿರಲಿಲ್ಲ.

ಹೊರಗಿನ ಶಬ್ದ ಬಾರದ ಸಣ್ಣ ಕೋಣೆ. ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಗುಂಡಿ. ಬೀಪ್ ಕೇಳಿದಾಗ ಒತ್ತಬೇಕು, ಎಷ್ಟು ಸಣ್ಣದಾಗಿ ಕೇಳಿದರೂ ಒತ್ತಬೇಕು. ದಪ್ಪ ಸ್ವರದ ಬೀಪ್‌ಗಳು ಸುಲಭವಾಗಿ ಸಿಕ್ಕಿದವು. ತೆಳುವಾದವು ಬಂತೋ ಇಲ್ಲವೋ ಗೊತ್ತೇ ಆಗಲಿಲ್ಲ. ಕೊನೆಗೆ ಕಿವಿಯ ಹಿಂದಿನ ಎಲುಬಿಗೆ ಒಂದು ಸಣ್ಣ ಡಬ್ಬಿಯಂಥದ್ದನ್ನು ಒತ್ತಿ ಇಟ್ಟು ಅದರಲ್ಲೂ ಪರೀಕ್ಷೆ ಮಾಡಿದಳು. ತೊಂದರೆ ಹೊರಗಿನ ದಾರಿಯಲ್ಲಿದೆಯೋ ಒಳಗಿನ ನರದ ಕಡೆ ಇದೆಯೋ ಅಂತ ಅದರಿಂದ ತಿಳಿಯುತ್ತದೆ.

ಅದಾದ ಮೇಲೆ ಮಾತಿನ ಪರೀಕ್ಷೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಒಂದೊಂದು ಕನ್ನಡ ಶಬ್ದ ಹೇಳುವುದು, ನಾನು ತಿರುಗಿ ಹೇಳುವುದು. ಅವಳು "ಸೊಪ್ಪು" ಅಂದಳು, ನಾನು "ಉಪ್ಪು" ಅಂದೆ. ಇನ್ನೊಂದು ಹೇಳಿದಳು, ನಾನು "ಅತ್ತೆ" ಅಂದೆ. ಅವಳು ತುಟಿ ಕಚ್ಚಿಕೊಂಡಳು. ಮುಂದಿನದ್ದು ಹೇಳಲು ಬಾಯಿ ತೆರೆದಳು, ಆಗಲಿಲ್ಲ, ಪೆನ್ನು ಕೆಳಗಿಟ್ಟು ನಗಲು ಶುರು ಮಾಡಿದಳು. "ಆಂಟೀ, ನಾನು ಕತ್ತೆ ಅಂತ ಹೇಳಿದ್ದು. ನಮ್ಮ ಅತ್ತೆಗೆ ಹೇಳಬೇಡಿ ಮತ್ತೆ." ಗಾಜಿನ ಆಚೆ ಅವಳು, ಈಚೆ ನಾನು, ಇಬ್ಬರೂ ನಕ್ಕೆವು. ಹೆದರಿಕೊಂಡು ಹೋಗಿದ್ದೆ ನಾನು, ಆ ನಗೆಯಲ್ಲಿ ಅರ್ಧ ಹೆದರಿಕೆ ಹೋಯಿತು.

ಕಾಗದದಲ್ಲಿ ಗ್ರಾಫ್ ಬಂತು. ಬಲಕಿವಿಗೆ ಕೆಂಪು ಸೊನ್ನೆಗಳು, ಎಡಕ್ಕೆ ನೀಲಿ ಕತ್ತರಿ ಗುರುತು. ಎಡಗಡೆಯಿಂದ ಚೆನ್ನಾಗಿಯೇ ಶುರುವಾದ ಗೆರೆ ಬಲಕ್ಕೆ ಹೋಗುತ್ತಾ ಗುಡ್ಡದಿಂದ ಇಳಿದ ಹಾಗೆ ಕೆಳಗೆ ಇಳಿದಿತ್ತು. ಅವಳು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಭಾಗ ಉಂಟು. ಅದರೊಳಗೆ ಕೂದಲಿನಂಥ ಸೂಕ್ಷ್ಮ ಎಳೆಗಳಿರುವ ಸಾವಿರಾರು ಜೀವಕೋಶಗಳು. ತೆಳು ಸ್ವರಗಳನ್ನು ಹಿಡಿಯುವವು ಬಾಗಿಲ ಹತ್ತಿರವೇ ಇರುತ್ತವೆ, ವಯಸ್ಸಾಗುತ್ತಾ ಮೊದಲು ಹಾಳಾಗುವುದೂ ಅವೇ. ಹೋದದ್ದು ಮತ್ತೆ ಹುಟ್ಟುವುದಿಲ್ಲ. ಮಾತಿನಲ್ಲಿ ಆ, ಓ, ಊ ಇವೆಲ್ಲ ದಪ್ಪ, ಅವು ಕೇಳುತ್ತವೆ. ಸ, ಶ, ತ, ಕ ಇವು ತೆಳು, ಅವು ಜಾರಿ ಹೋಗುತ್ತವೆ. "ಕೇಳುತ್ತದೆ, ಆದರೆ ಗೊತ್ತಾಗುವುದಿಲ್ಲ" ಅಂತ ನಾನು ನಾಲ್ಕು ವರ್ಷದಿಂದ ಹೇಳುತ್ತಾ ಇದ್ದದ್ದು ಅದಕ್ಕೇ. ಯಾರಾದರೂ ಮನೆಯ ಹಿರಿಯರಿಗೆ "ಬೇಕಾದ್ದು ಮಾತ್ರ ಕೇಳ್ತದೆ ಇವರಿಗೆ" ಅಂತ ಹೇಳುವುದನ್ನು ಕೇಳಿದರೆ ನನಗೆ ಈಗ ತುಂಬಾ ನೋವಾಗುತ್ತದೆ. ಹಾಗೆ ಹೇಳಬೇಡಿ. ಅವರಿಗೆ ಅರ್ಧ ಅಕ್ಷರ ಮಾತ್ರ ತಲುಪುತ್ತಾ ಇರುತ್ತದೆ.

ಎರಡು ಕಿವಿಗೂ ಮೆಷಿನ್ ಬೇಕು ಅಂತಾಯಿತು. ಎರಡಕ್ಕೂ ಸೇರಿ 64 ಸಾವಿರ ರೂಪಾಯಿ. ಆಗಿನ ಧಾರಣೆಯಲ್ಲಿ ಒಂದೂವರೆ ಕ್ವಿಂಟಲ್ ಚಾಲಿ ಅಡಕೆ. ನಾನು ಬೇಡವೇ ಬೇಡ ಅಂದೆ. ಕಿವಿಗೆ ಚಿನ್ನದ ಓಲೆ ಮಾಡಿಸುವಾಗ ಒಂದು ಮಾತೂ ಆಡದೆ ಹೋದವಳು ನಾನು, ಆ ಕಿವಿ ಕೇಳಲಿಕ್ಕೆ ಖರ್ಚು ಮಾಡಲು ಮನಸ್ಸು ಬರಲಿಲ್ಲ. ನಮ್ಮಂಥ ಹೆಂಗಸರು ಎಷ್ಟೋ ಜನ ಹೀಗೇ ಇದ್ದೇವೆ. ನಮ್ಮವರು ಮಗನ ಕಡೆ ತಿರುಗಿ ಏನೋ ಹೇಳಿದರು, ಅವನು ಜೋರಾಗಿ ನಕ್ಕ, ಹಣ ಕಟ್ಟಿಯೇ ಬಿಟ್ಟರು. ತಲಪಾಡಿ ದಾಟಿದ ಮೇಲೆ ಮಗನನ್ನು ಕೇಳಿದೆ, ಅಪ್ಪ ಎಂತ ಹೇಳಿದ್ದು ಅಲ್ಲಿ? "ನನ್ನ ಮಾತಿಗೆ ಇಷ್ಟು ಬೆಲೆ ಉಂಟು ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ ಮಾರಾಯ" ಅಂದರಂತೆ. ನಾನು ಕಾರಿನ ಹಿಂದಿನ ಸೀಟಿನಲ್ಲಿ ನಕ್ಕೆ, ಆಮೇಲೆ ಸ್ವಲ್ಪ ಅತ್ತೆ. ಅಂಥ ಮಾತು ನನಗೆ ಮಗನ ಬಾಯಿಂದ ಸಿಕ್ಕಿತಲ್ಲ, ಅವರ ಬಾಯಿಂದಲೇ ಸಿಗಲಿಲ್ಲವಲ್ಲ ಅಂತ.

ಹತ್ತು ದಿನ ಬಿಟ್ಟು ಮೆಷಿನ್ ಹಾಕಿಸಿಕೊಂಡೆ. ಕಿವಿಯ ಹಿಂದೆ ಕೂರುವಂಥದ್ದು, ಗೋಡಂಬಿಯಷ್ಟು ದೊಡ್ಡದು, ಅದರಿಂದ ಒಂದು ತೆಳು ವಯರು ಕಿವಿಯೊಳಕ್ಕೆ. ಕನ್ನಡಕದ ಕಡ್ಡಿಗೂ ಅದಕ್ಕೂ ಜಾಗ ಹೊಂದಿಸಲು ಒಂದು ವಾರ ಬೇಕಾಯಿತು. ಮೊದಲು ಮೆಷಿನ್, ಮೇಲಿಂದ ಕನ್ನಡಕ, ತೆಗೆಯುವಾಗ ಮೊದಲು ಕನ್ನಡಕ. ಬ್ಯಾಟರಿ ಉದ್ದಿನ ವಡೆಗೆ ಹಾಕುವ ಒಂದು ತೆಂಗಿನ ಚೂರಿನಷ್ಟೇ. ಅದರ ಬೆನ್ನಿಗೆ ಕಂದು ಬಣ್ಣದ ಸ್ಟಿಕ್ಕರ್ ಇರುತ್ತದೆ, ತೆಗೆದ ಕೂಡಲೇ ಹಾಕಬಾರದು, ಒಂದು ನಿಮಿಷ ಗಾಳಿಗೆ ಇಡಬೇಕು, ಅದು ಗಾಳಿಯಿಂದಲೇ ಜೀವ ಪಡೆಯುವ ಬ್ಯಾಟರಿ. ಒಂದು ವಾರ ಬರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಹಾಳಾಗದ ಹಾಗೆ ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮಲಗಿಸಬೇಕು.

ಹಾಕಿದ ಕೂಡಲೇ ಎಲ್ಲ ಸರಿಯಾಗುತ್ತದೆ ಅಂತ ಅಂದುಕೊಂಡವರಿಗೆ ಈ ಮಾತು: ಹಾಗೆ ಆಗುವುದಿಲ್ಲ. ಮೊದಲ ದಿನ ನನ್ನ ಸ್ವರವೇ ಕೊಡಪಾನದೊಳಗೆ ತಲೆ ಹಾಕಿ ಮಾತಾಡಿದ ಹಾಗೆ ಕೇಳಿತು. ಫ್ಯಾನಿನ ಶಬ್ದ, ಫ್ರಿಜ್ಜಿನ ಶಬ್ದ, ಪೇಪರು ಮಡಚಿದರೆ ಒಣ ತೆಂಗಿನ ಮಡಲು ಮುರಿದ ಶಬ್ದ. ಸ್ಟೀಲಿನ ತಟ್ಟೆ ತಟ್ಟೆಗೆ ತಾಗಿದರೆ ತಲೆಯೊಳಗೆ ಬಡಿದ ಹಾಗೆ. ಸಾಸಿವೆ ಸಿಡಿದಾಗ ನಾನು ಎರಡು ಹೆಜ್ಜೆ ಹಿಂದೆ ಹೋದೆ. ಮೊಮ್ಮಗಳು ಬಂದು ಅಪ್ಪಿಕೊಂಡರೆ ಅವಳ ತಲೆ ತಾಗಿ ಮೆಷಿನ್ "ಕುಂಯ್" ಅಂತು, ಅವಳು ಬೆಚ್ಚಿಬಿದ್ದು, ಆಮೇಲೆ ಅದೇ ಬೇಕು ಅಂತ ಮತ್ತೆ ಮತ್ತೆ ಅಪ್ಪಿದಳು. ಒಂದು ಗೃಹಪ್ರವೇಶಕ್ಕೆ ಹಾಕಿಕೊಂಡು ಹೋಗಿ, ಊಟದ ಹಾಲಿನ ಗದ್ದಲ ತಡೆಯಲಾಗದೆ ಬಿಚ್ಚಿ ಪರ್ಸಿಗೆ ಹಾಕಿದೆ. ಮರುದಿನದಿಂದ ಹತ್ತು ದಿನ ಅದು ಮೇಜಿನ ಡ್ರಾಯರಿನಲ್ಲೇ ಇತ್ತು. ಡ್ರಾಯರಿಗೆ ಹೋದ ಮೆಷಿನ್ ಹೆಚ್ಚಾಗಿ ವಾಪಸ್ ಬರುವುದಿಲ್ಲ ಅಂತ ಆ ಹುಡುಗಿ ಮೊದಲೇ ಎಚ್ಚರಿಸಿದ್ದಳು.

ಮತ್ತೆ ಮಂಗಳೂರಿಗೆ ಹೋದೆವು. ಅವಳು ಬೈಯಲಿಲ್ಲ. ಕಂಪ್ಯೂಟರಿಗೆ ಜೋಡಿಸಿ ತಟ್ಟೆಯ ಶಬ್ದದಂಥ ಚೂಪಿನವನ್ನು ಸ್ವಲ್ಪ ತಗ್ಗಿಸಿದಳು. ಮಿದುಳು ವರ್ಷಗಟ್ಟಲೆ ಈ ಶಬ್ದಗಳನ್ನು ಕೇಳಿಲ್ಲ, ಯಾವುದು ಬೇಕು ಯಾವುದು ಬೇಡ ಅಂತ ಅದು ಮತ್ತೆ ಕಲಿಯಬೇಕು, ಶಾಲೆಗೆ ಸೇರಿಸಿದ ಮಗುವಿನ ಹಾಗೆ ದಿನಕ್ಕೆ ಮೂರು ಗಂಟೆಯಿಂದ ಶುರು ಮಾಡಿ, ಮನೆಯಲ್ಲೇ ಹಾಕಿ, ಮದುವೆ ಮನೆ ಆಮೇಲೆ ಅಂದಳು. ಟೀಚರಾಗಿದ್ದ ನನಗೆ ಆ ಮಾತು ಹಿಡಿಸಿತು. ಇನ್ನೊಂದು ಅಭ್ಯಾಸ ಹೇಳಿದಳು. ದಿನಾ ಹತ್ತು ನಿಮಿಷ ಯಾರಾದರೂ ಪೇಪರ್ ಓದಬೇಕು, ನಾನು ಅವರ ಮುಖ ನೋಡದೆ ಕೇಳಬೇಕು.

ಆ ಹತ್ತು ನಿಮಿಷಗಳ ಬಗ್ಗೆ ಬರೆಯಬೇಕು ಅಂತಲೇ ನಾನು ಇಷ್ಟೆಲ್ಲ ಬರೆದದ್ದು.

ಬೆಳಗ್ಗೆ ಚಾ ಆದ ಮೇಲೆ ಜಗಲಿಯಲ್ಲಿ ಅವರು ಆರಾಮ ಕುರ್ಚಿಯಲ್ಲಿ, ನಾನು ಗೋಡೆಗೆ ಬೆನ್ನು ಕೊಟ್ಟು, ಅಂಗಳದ ಕಡೆ ಮುಖ. ಒಣಗಲು ಹಾಕಿದ ಅಡಕೆ ಎದುರಿಗೆ. ಅವರು ಓದುತ್ತಿದ್ದರು, ತಮ್ಮ ಅದೇ ಸಣ್ಣ ಸ್ವರದಲ್ಲಿ. ಮೊದಲ ವಾರ ಅರ್ಧಕ್ಕರ್ಧ ತಪ್ಪುತ್ತಿತ್ತು. ನಾನು "ಎಂತ?" ಅಂದರೆ ಆ ಸಾಲನ್ನು ಹಾಗೆಯೇ ಮತ್ತೆ ಓದುತ್ತಿದ್ದರು, ಸ್ವರ ಏರಿಸದೆ, ಬೇಸರ ತೋರಿಸದೆ. ಪೇಪರು ಓದುವುದಾದ್ದರಿಂದ "ಎಂತ ಇಲ್ಲ" ಅಂತ ಹೇಳುವ ಹಾಗಿರಲಿಲ್ಲ.

ಮೂರನೇ ವಾರ ಇರಬೇಕು. ಅವರು ಧಾರಣೆಯ ಕಾಲಂ ಓದುತ್ತಿದ್ದರು. ಹೊಸ ಅಡಕೆ ಇಷ್ಟು, ಹಳತು ಇಷ್ಟು, ಕರಿಮೆಣಸು ಇಷ್ಟು. ಸ್ವರದಲ್ಲಿ ಒಂದು ಚೂರೂ ವ್ಯತ್ಯಾಸವಿಲ್ಲದೆ ಮುಂದುವರಿಸಿದರು: "ತೆಂಗಿನಕಾಯಿಗೆ ಭಾರೀ ಧಾರಣೆ. ಮಂಗಗಳ ಸಂಘದಿಂದ ಸಂತೋಷ ವ್ಯಕ್ತ."

ನಾನು ಒಂದು ಕ್ಷಣ ಸುಮ್ಮನಿದ್ದೆ. ನಮ್ಮ ತೆಂಗಿನ ಮರಗಳಿಗೆ ಆ ವಾರವೇ ಮಂಗಗಳ ದಂಡು ಬಂದು ಬೊಂಡ ಎಲ್ಲ ಕಿತ್ತು ಹಾಕಿತ್ತು. "ಎಲ್ಲಿ ಉಂಟು ಅದು? ತೋರಿಸಿ" ಅಂದೆ.

ಅವರು ಪೇಪರು ಕೆಳಗಿಳಿಸಿ ನನ್ನ ಮುಖ ನೋಡಿದರು. "ಕೇಳಿತಾ?"

"ಮಂಗಗಳ ಸಂಘ ಅಂತ ಕೇಳಿತು."

ಅವರ ಕಣ್ಣು ನನಗೆ ಈಗಲೂ ಕಾಣುತ್ತಿದೆ. ಆಮೇಲೆ ಗೊತ್ತಾದದ್ದು, ಅವರು ಮೊದಲ ದಿನದಿಂದಲೂ ದಿನಕ್ಕೊಂದು ಸುಳ್ಳು ಸುದ್ದಿ ಸೇರಿಸುತ್ತಾ ಬಂದಿದ್ದರು. ಹದಿನಾರು ದಿನ ಹದಿನಾರು ಸುದ್ದಿ. ಒಂದೂ ನನಗೆ ಸಿಕ್ಕಿರಲಿಲ್ಲ, ಅವರು ಒಂದನ್ನೂ ಎರಡನೇ ಸಲ ಹೇಳಿರಲಿಲ್ಲ, ಮರುದಿನ ಮತ್ತೊಂದನ್ನು ಹೊಸದಾಗಿ ಮಾಡಿಕೊಂಡು ಬರುತ್ತಿದ್ದರು. ಅದನ್ನು ಕೇಳಿ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಒಳಗೆ ಹೋಗಿ ಇನ್ನೊಂದು ಚಾ ಮಾಡಿಕೊಂಡು ಬಂದೆ.

ಅಲ್ಲಿಂದ ಮುಂದೆ ಬೇಗ ಬೇಗ ಆಯಿತು. ಬೇಸಿಗೆಯ ಹೊತ್ತಿಗೆ ಬೆಳಗ್ಗಿಂದ ರಾತ್ರಿಯವರೆಗೆ ಹಾಕಿಕೊಳ್ಳುವಷ್ಟಾಯಿತು. ನಮ್ಮ ಗುಡ್ಡದ ಬುಡದಲ್ಲಿ ಅಜ್ಜನ ಕಾಲದ ಒಂದು ಸುರಂಗ ಉಂಟು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ ಕೊರೆದದ್ದು. ಒಳಗೆ ಒಸರುವ ನೀರು ತಾನಾಗಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪೆರ್ಲ, ಬಾಯಾರು ಕಡೆಯವರಿಗೆಲ್ಲ ಇದು ಗೊತ್ತು. ಏಪ್ರಿಲಿನಲ್ಲಿ ನೀರು ಸಪೂರವಾಗಿ, ಹನಿ ಹನಿಯಾಗುತ್ತದೆ. ಅದರ ಬಾಯಲ್ಲಿ ನಿಂತಾಗ ಒಳಗಿನ ಹನಿಯ ಸದ್ದು ಕೇಳಿತು. ಹತ್ತಿರದ್ದು ಬೇರೆ, ಆಳದ್ದು ಬೇರೆ. ಮದುವೆಯಾಗಿ ಬಂದ ಹೊಸತರಲ್ಲಿ ಅಲ್ಲಿ ಬಟ್ಟೆ ಒಗೆಯುವಾಗ ಕೇಳುತ್ತಿದ್ದದ್ದು ಇದೇ ಸದ್ದು. ಮತ್ತೆ ಜೂನಿನಲ್ಲಿ ಜೀರುಂಡೆ. "ಈಗಿನ ಕಾಲದಲ್ಲಿ ಜೀರುಂಡೆಗಳೇ ಇಲ್ಲ, ಎಲ್ಲ ಔಷಧಿ ಹೊಡೆದು ಸತ್ತುಹೋದವು" ಅಂತ ನಾನು ಮೂರು ನಾಲ್ಕು ವರ್ಷದಿಂದ ದುಃಖಪಡುತ್ತಾ ಇದ್ದೆ. ಎಲ್ಲವೂ ಇದ್ದವು. ಮೊದಲ ಮಳೆಯ ರಾತ್ರಿ ನಾನು ಮೆಷಿನ್ ತೆಗೆಯದೆ ಹನ್ನೊಂದು ಗಂಟೆಯವರೆಗೆ ಕೂತೆ.

ಗದ್ದಲದಲ್ಲಿ ಈಗಲೂ ಕಷ್ಟವೇ. ಮದುವೆ ಮನೆಯಲ್ಲಿ ಗೋಡೆಗೆ ಬೆನ್ನು ಮಾಡಿ, ಮಾತಾಡುವವರ ಮುಖ ಕಾಣುವ ಹಾಗೆ ಕೂರುತ್ತೇನೆ. ಯಾರಾದರೂ ಕಿವಿ ನೋಡಿ "ಇದೆಂತ ಅಕ್ಕಾ?" ಅಂದರೆ ಬಿಚ್ಚಿ ತೋರಿಸುತ್ತೇನೆ. ಕನ್ನಡಕವನ್ನು ಯಾರೂ ಅಡಗಿಸುವುದಿಲ್ಲವಲ್ಲ. ನಮ್ಮ ಊರಿನಲ್ಲೇ ಇಬ್ಬರು ನನ್ನನ್ನು ನೋಡಿ ಪರೀಕ್ಷೆ ಮಾಡಿಸಿಕೊಂಡು ಬಂದರು, ಒಬ್ಬರಿಗೆ ಬರೀ ಗುಗ್ಗೆ.

2025ರ ಕೊನೆಗೆ ಬರುವಾಗ ಇನ್ನೊಂದು ಶುರುವಾಯಿತು. ನಮ್ಮವರಿಗೆ ಈಗ 71. ಮೊಮ್ಮಗಳು ಫೋನಿನಲ್ಲಿ ಮಾತಾಡುವಾಗ "ಆಂ? ಆಂ?" ಅನ್ನುತ್ತಾರೆ. ಟಿವಿಯ ವಾಲ್ಯೂಮ್ ಏರಿಸುವುದು ಈಗ ಅವರು. ಮಂಗಳೂರಿಗೆ ಹೋಗುವ ಅಂದರೆ ಕೊಯ್ಲು ಮುಗಿಯಲಿ ಅನ್ನುತ್ತಾರೆ.

ಮೊನ್ನೆ ಬೆಳಗ್ಗೆ ಅವರು ಮೊಳೆಗೆ ಸಿಕ್ಕಿಸಿದ್ದ ಆಮಂತ್ರಣದ ಕಾಗದಗಳನ್ನೆಲ್ಲ ತೆಗೆದು, ಯಾವ ದಿನ ಎಲ್ಲಿಗೆ ಹೋಗುವುದು ಅಂತ ನೋಡುತ್ತಿದ್ದರು. ಅದು ನಮ್ಮ ವಯಸ್ಸಿನವರ ಮನೆಯಲ್ಲಿ ವಾರಕ್ಕೊಮ್ಮೆ ಆಗುವ ಕೆಲಸ. ನಾನು ಪಕ್ಕದಲ್ಲಿ ಬೆಂಡೆ ಹೆಚ್ಚುತ್ತಾ ಇದ್ದೆ. ಎಣಿಸಿ ನೋಡಿದೆ, ಮದುವೆ ಮೂರು, ವೈಕುಂಠ ಸಮಾರಾಧನೆ ನಾಲ್ಕು. ನಾಲ್ಕರಲ್ಲಿ ಎರಡು ನಮ್ಮ ಓರಗೆಯವರದ್ದು. ಮನಸ್ಸು ಸ್ವಲ್ಪ ಭಾರವಾಯಿತು. ಅವರಿಗೂ ಆಗಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಬೆಂಡೆಯಿಂದ ಕಣ್ಣೆತ್ತದೆ, ಮೆಲ್ಲಗೆ, "ಒಂದು ಸೀಟಿನಲ್ಲಿ ವೈಕುಂಠ ಗೆದ್ದಿತು" ಅಂದೆ.

"ಎಂತ ಹೇಳಿದ್ದು?"

ನನ್ನ ಬಾಯಿಯ ತುದಿಗೆ ಬಂದೇ ಬಿಟ್ಟಿತ್ತು, "ಎಂತ ಇಲ್ಲ" ಅಂತ. ಕತ್ತಿ ಕೆಳಗಿಟ್ಟೆ. ಮಣೆ ಎಳೆದು ಅವರ ಎಡಗಡೆಗೆ, ಚೆನ್ನಾಗಿ ಕೇಳುವ ಕಿವಿಯ ಕಡೆಗೆ ಬಂದು ಕೂತೆ. "ಮದುವೆ ಮೂರು, ವೈಕುಂಠ ನಾಲ್ಕು. ಒಂದು ಸೀಟಿನಲ್ಲಿ ವೈಕುಂಠ ಗೆದ್ದಿತು."

"ವೈಕುಂಠ ಎಂತ?"

"ಗೆದ್ದಿತು!" ಅಂತ ಕೂಗಿದೆ. "ವೈಕುಂಠ ಗೆದ್ದಿತು!"

ಪಂಚಾಯತ್ ಇಲೆಕ್ಷನ್ನಿನ ಮಾತೇ ಎಲ್ಲ ಕಡೆ ನಡೆಯುತ್ತಿದ್ದ ದಿನಗಳು. ಅಂಗಳದಲ್ಲಿ ಅಡಕೆ ಹರಗುತ್ತಿದ್ದ ನಮ್ಮ ಕೆಲಸದವನು ಅಲ್ಲಿಂದಲೇ ತಲೆಯೆತ್ತಿ ತುಳುವಿನಲ್ಲಿ ಕೇಳಿದ, "ಯಾವ ವಾರ್ಡಿನಲ್ಲಿ ಅಕ್ಕಾ?"

ನಮ್ಮವರಿಗೆ ಅದು ಕೇಳಿತು. ಕಾಗದಗಳೆಲ್ಲ ಮಡಿಲಿನಿಂದ ಜಾರಿ ಕೆಳಗೆ ಬಿದ್ದವು, ನಗೆಯಲ್ಲಿ ತುಂಬಾ ಹೊತ್ತು ಅದನ್ನು ಹೆಕ್ಕಲು ಇಬ್ಬರಿಂದಲೂ ಆಗಲಿಲ್ಲ.